ಕಡಿಮೆ ಖರ್ಚಿನಲ್ಲಿ ಟ್ರ್ಯಾಕ್ ಕಾರಿನ ಸಸ್ಪೆನ್ಷನ್ ಸುಧಾರಣೆ

ಹಳೆಯ ಫೋಕ್ಸ್‌ವ್ಯಾಗನ್ ಪೋಲೊವನ್ನು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಂತಹ ಟ್ರ್ಯಾಕ್‌ಗೆ ಸಿದ್ಧಪಡಿಸುವವರು ಮೊದಲು ಚಕ್ರಗಳನ್ನು ಕಾರಿಗೆ ಜೋಡಿಸುವ ಭಾಗಗಳಲ್ಲಿ ಸವೆದ ಕಂಟ್ರೋಲ್ ಆರ್ಮ್ ಬುಷ್ (ಕೀಲಿನ ರಬ್ಬರ್ ತುಂಡು), ಬಾಲ್ ಜಾಯಿಂಟ್ ಮತ್ತು ಸ್ಟ್ರಟ್ ಮೌಂಟ್‌ಗಳನ್ನು ಬದಲಿಸಬೇಕು. ಇವು ಸಡಿಲವಾಗಿದ್ದರೆ ಎಷ್ಟೇ ದುಬಾರಿ ಭಾಗ ಹಾಕಿದರೂ ತಿರುವಿನಲ್ಲಿ ಚಕ್ರದ ಕೋನ ಸ್ಥಿರವಾಗಿ ನಿಲ್ಲದು.

ಉಳಿದ ಹಣದ ದೊಡ್ಡ ಪಾಲು ಡ್ಯಾಂಪರ್‌ಗೆ (ಶಾಕ್ ಅಬ್ಸಾರ್ಬರ್) ಸಲ್ಲಬೇಕೆಂಬುದು ನನ್ನ ದೃಢ ಅಭಿಪ್ರಾಯ. ಗಟ್ಟಿ ಸ್ಪ್ರಿಂಗಿನ ಪುಟಿತವನ್ನು ಮೂಲ ಡ್ಯಾಂಪರ್ ಸರಿಯಾಗಿ ತಡೆಯಲಾರದು. ಆದ್ದರಿಂದ ಎರಡನ್ನೂ ಪರಸ್ಪರ ಹೊಂದುವ ಜೋಡಿಯಾಗಿಯೇ ಕೊಳ್ಳಬೇಕು. ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವುದು ಅಪಾಯಕರ. ಎತ್ತರವನ್ನು 25ರಿಂದ 30 ಮಿ.ಮೀ.ಗಿಂತ ಹೆಚ್ಚು ಇಳಿಸದಿರುವುದು ಲೇಸು, ಏಕೆಂದರೆ ಮುಂಭಾಗದ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಂದೇ ಕಂಬದಲ್ಲಿರುವ) ವ್ಯವಸ್ಥೆಯಲ್ಲಿ ಕಾರು ಅತಿಯಾಗಿ ತಗ್ಗಿದಾಗ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ವಾಲುವ ಕೇಂದ್ರಬಿಂದು) ಅದಕ್ಕಿಂತಲೂ ಹೆಚ್ಚು ಕುಸಿದು, ಕಾರು ಇನ್ನಷ್ಟು ವಾಲುವ ಸಾಧ್ಯತೆಯಿದೆ.

ರಬ್ಬರ್ ಬುಷ್‌ಗಳ ಬೋಲ್ಟ್‌ಗಳನ್ನು ಕಾರು ಚಕ್ರಗಳ ಮೇಲೆ ನಿಂತಿರುವಾಗಲೇ ಅಂತಿಮವಾಗಿ ಬಿಗಿಯಬೇಕು. ಚಕ್ರಗಳು ಜೋತಾಡುತ್ತಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಗ್ಯಾರೇಜಿನಲ್ಲಿ ಈ ಕೆಲಸವನ್ನು ಎದುರು ನಿಂತು ಮಾಡಿಸಿಕೊಳ್ಳಿ.

ಬಳಿಕ ಅಲೈನ್‌ಮೆಂಟ್ (ಚಕ್ರಗಳ ಕೋನಗಳ ಹೊಂದಾಣಿಕೆ) ಮಾಡಿಸಿ, ಕ್ಯಾಂಬರ್ ಬೋಲ್ಟ್ ಅಥವಾ ಪ್ಲೇಟ್ ಬಳಸಿ ಮುಂದಿನ ಚಕ್ರಗಳಿಗೆ ಸುಮಾರು 2 ಡಿಗ್ರಿ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಮತ್ತು ಸೊನ್ನೆ ಟೋ (ಚಕ್ರಗಳು ನೇರ ಮುಂದಕ್ಕೆ ನೋಡುವುದು) ಕೊಡಿಸಿ. ಆಗಲೂ ತಿರುವಿನಲ್ಲಿ ಮುಂಭಾಗ ಹೊರಕ್ಕೆ ಜಾರುತ್ತಿದ್ದರೆ, ಟೈರ್ ಒತ್ತಡವನ್ನು ಪರೀಕ್ಷಿಸಿದ ನಂತರವೇ ಹಿಂಬದಿಗೆ ಗಟ್ಟಿಯಾದ ಆ್ಯಂಟಿ-ರೋಲ್ ಬಾರ್ (ಕಾರು ವಾಲುವುದನ್ನು ತಡೆಯುವ ಸರಳು) ಅಳವಡಿಸಿ.