ಸಿಂಗಪುರದ ಮನೆ, ಬೆವರುವ ಗೋಡೆ: ಹೊಸದಾಗಿ ಬಂದ ಕುಟುಂಬಗಳಿಗೆ

ಊರಿಂದ ಬಂದು ಮೂರ್ನಾಲ್ಕು ತಿಂಗಳಾಗುತ್ತಿದ್ದಂತೆ ನಮ್ಮ ಕನ್ನಡ ಸಂಘದ ಹೊಸ ಸದಸ್ಯರು ನಮಗೆ ಕಳಿಸುವ ಫೋಟೊಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ವಾರ್ಡ್‌ರೋಬ್ ಹಿಂದಿನ ಗೋಡೆ, ಅದರ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಇಲ್ಲವೇ ಎಸಿಯ ಕೆಳಗೆ ಹಸಿರುಗಪ್ಪು ಪಟ್ಟೆ. ಜೊತೆಗೆ ಒಂದು ಸಂಕೋಚದ ಪ್ರಶ್ನೆ: ದಿನಾ ಗುಡಿಸಿ ಒರೆಸುತ್ತೇವೆ, ಆದರೂ ಯಾಕೆ ಹೀಗಾಯಿತು?

ಸಂಕೋಚ ಬೇಡ. ಬೂಷ್ಟು ಬಂದದ್ದು ಕೊಳೆಯಿಂದಲ್ಲ, ನೀರಿನಿಂದ. ಆ ನೀರು ಎಲ್ಲಿಂದ ಬಂತು ಅಂತ ಹುಡುಕದೆ ಗೋಡೆ ಒರೆಸಿದರೆ, ಬಣ್ಣ ಬಳಿದರೆ, ಎರಡೇ ವಾರದಲ್ಲಿ ಅದು ಮತ್ತೆ ಅಲ್ಲೇ ಇರುತ್ತದೆ. ಈ ಬರಹದಲ್ಲಿ ನಾನು ಹೇಳುವುದೆಲ್ಲ ಆ ಹುಡುಕಾಟದ ಬಗ್ಗೆಯೇ.

ನಾನು ತೀರ್ಥಹಳ್ಳಿ ಕಡೆಯವಳು. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸಿಕೊಂಡು ಬೆಳೆದವಳಿಗೆ ತೇವ ಹೊಸದೇನಲ್ಲ ಅಂದುಕೊಂಡು ಬಂದೆ. ಮೊದಲ ವರ್ಷವೇ ಅದು ತಪ್ಪು ಅಂತ ಗೊತ್ತಾಯಿತು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆ ಇಲ್ಲಿಗಿಂತ ಜಾಸ್ತಿ. ಸಿಂಗಪುರದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 2,100 ಮಿ.ಮೀ., ಮಂಗಳೂರಿನಲ್ಲಿ 3,000 ದಾಟುತ್ತದೆ. ಆದರೆ ಅಲ್ಲಿ ದೀಪಾವಳಿ ಕಳೆದರೆ ಬಿಸಿಲು. ಚಾಪೆ, ಹಾಸಿಗೆ, ಪೆಟ್ಟಿಗೆ ಎಲ್ಲವನ್ನೂ ಅಂಗಳಕ್ಕೆ ಹಾಕಿದರೆ ಮನೆಯೇ ಒಣಗುತ್ತದೆ. ಇಲ್ಲಿ ಹಾಗೆ ಒಣಗುವ ಕಾಲ ಅಂತ ಒಂದಿಲ್ಲ. ಗಾಳಿಯ ತೇವಾಂಶದ ವರ್ಷದ ಸರಾಸರಿಯೇ ಶೇ. 80ಕ್ಕಿಂತ ಮೇಲಿದೆ, ಬೆಳಗಿನ ಜಾವ 90 ದಾಟುತ್ತದೆ. ಡಿಸೆಂಬರ್, ಜನವರಿಯ ಈಶಾನ್ಯ ಮಾರುತದ ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಬೆಂಗಳೂರು, ಧಾರವಾಡ, ಕಲಬುರಗಿ ಕಡೆಯಿಂದ ಬಂದವರಿಗಂತೂ ಇದು ಬೇರೆಯೇ ಲೋಕ.

ಗೋಡೆ ಯಾಕೆ ಬೆವರುತ್ತದೆ

ಫ್ರಿಜ್ಜಿನ ನೀರನ್ನು ಸ್ಟೀಲ್ ಲೋಟಕ್ಕೆ ಹಾಕಿ ಮೇಜಿನ ಮೇಲಿಡಿ. ಎರಡು ನಿಮಿಷಕ್ಕೆ ಲೋಟದ ಹೊರಮೈಯೆಲ್ಲ ಹನಿ. ಅದು ಲೋಟದೊಳಗಿಂದ ಬಂದ ನೀರಲ್ಲ, ಸುತ್ತಲಿನ ಗಾಳಿಯದು. ನಿಮ್ಮ ಮಲಗುವ ಕೋಣೆಯ ಗೋಡೆಗೆ ಆಗುತ್ತಿರುವುದೂ ಅದೇ. 27 ಡಿಗ್ರಿಯ, ಶೇ. 84 ತೇವಾಂಶದ ಗಾಳಿ 24 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವನ್ನು ಮುಟ್ಟಿದರೂ ಅಲ್ಲಿ ನೀರು ಬಿಡುತ್ತದೆ. ರಾತ್ರಿಯಿಡೀ ಎಸಿಯನ್ನು 20ಕ್ಕೆ ಇಟ್ಟು ಮಲಗಿದರೆ ಕಾಂಕ್ರೀಟ್ ಗೋಡೆ ಆ ತಂಪನ್ನು ಹೀರಿಕೊಂಡಿರುತ್ತದೆ. ಬೆಳಗ್ಗೆ ಎದ್ದವರೇ ನಾವು ಮಾಡುವ ಮೊದಲ ಕೆಲಸ, ಒಳ್ಳೆ ಗಾಳಿ ಬರಲಿ ಅಂತ ಕಿಟಕಿ ತೆರೆಯುವುದು. ಊರಿನ ಅಭ್ಯಾಸ ಅದು, ಒಳ್ಳೆಯ ಅಭ್ಯಾಸವೂ ಹೌದು. ಆದರೆ ಇಲ್ಲಿ ಆ ಹೊತ್ತಿನ ಗಾಳಿಯೇ ದಿನದಲ್ಲಿ ಅತಿ ತೇವದ್ದು, ಗೋಡೆ ಅತಿ ತಣ್ಣಗಿರುವುದೂ ಆಗಲೇ.

ಹಾಗಾಗಿ ಎಸಿಯನ್ನು 25ಕ್ಕೆ ಇಟ್ಟು ಫ್ಯಾನ್ ಹಾಕಿಕೊಳ್ಳಿ. ಇಲ್ಲಿನ ಸರ್ಕಾರ ಕರೆಂಟ್ ಉಳಿಸಲು ಹೇಳುವುದೂ 25ನ್ನೇ. ಬೆಳಗ್ಗೆ ಎಸಿ ಆರಿಸಿದ ಮೇಲೆ ಅರ್ಧ ಮುಕ್ಕಾಲು ಗಂಟೆ ಕಿಟಕಿ ಮುಚ್ಚಿಯೇ ಫ್ಯಾನ್ ತಿರುಗಲಿ, ಗೋಡೆ ಬೆಚ್ಚಗಾಗಲಿ. ಕಿಟಕಿ ತೆರೆಯಲು ಒಳ್ಳೆ ಹೊತ್ತು ಮಳೆಯಿಲ್ಲದ ಮಧ್ಯಾಹ್ನ, ಆಗ ತೇವಾಂಶ 60ರ ಆಸುಪಾಸಿಗೆ ಇಳಿದಿರುತ್ತದೆ. ಆಗ ಎದುರುಬದುರು ಕಿಟಕಿ, ಬಾಗಿಲುಗಳನ್ನೆಲ್ಲ ತೆರೆದಿಡಿ. ಎಸಿ ಓಡುವಾಗ ಮಾತ್ರ ಕಿಟಕಿಯನ್ನು ಒಂದು ಬೆರಳಷ್ಟೂ ಬಿಡಬೇಡಿ.

ಬಹಳ ಜನ ಗಮನಿಸದ್ದು ಒಂದಿದೆ. ಬೂಷ್ಟು ಎಷ್ಟೋ ಸಲ ಎಸಿ ಇರುವ ಕೋಣೆಯಲ್ಲಿ ಬರುವುದಿಲ್ಲ, ಅದರ ಗೋಡೆಯ ಆಚೆ ಮಗ್ಗುಲಲ್ಲಿ ಬರುತ್ತದೆ. ಈ ಕಡೆ ತಣ್ಣಗಾದ ಗೋಡೆ ಆ ಕಡೆ ಹಾಲ್‌ನಲ್ಲಿ ಬೆವರುತ್ತದೆ. ಅಲ್ಲೊಂದು ಪುಸ್ತಕದ ಕಪಾಟನ್ನೋ ಸೋಫಾವನ್ನೋ ಒತ್ತಿ ಇಟ್ಟಿದ್ದರೆ ತಿಂಗಳುಗಟ್ಟಲೆ ಕಣ್ಣಿಗೇ ಬೀಳುವುದಿಲ್ಲ. ಯಾವ ಪೀಠೋಪಕರಣವನ್ನೇ ಆಗಲಿ ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಇಡಿ.

ಒಂದು ತೇವಾಂಶ ಮಾಪಕ ಕೊಳ್ಳಿ. ಅಂಗೈಯಗಲದ ಡಿಜಿಟಲ್ ಮೀಟರ್, ಬೆಲೆ ಜಾಸ್ತಿಯಿಲ್ಲ. ಹಾಲ್‌ನಲ್ಲಿ ಒಂದು ದಿನ, ವಾರ್ಡ್‌ರೋಬಿನೊಳಗೆ ಒಂದು ದಿನ, ಹಾಸಿಗೆ ಕೆಳಗೆ ಒಂದು ದಿನ ಇಟ್ಟು ನೋಡಿ. 60ರ ಕೆಳಗಿದ್ದರೆ ನಿಶ್ಚಿಂತೆ. ದಿನಗಟ್ಟಲೆ 75, 80 ತೋರಿಸುವ ಮೂಲೆಯಲ್ಲಿ ಇವತ್ತಲ್ಲ ನಾಳೆ ಬೂಷ್ಟು ಹಿಡಿಯುತ್ತದೆ.

ಮನೆಯೊಳಗೆ ನಾವೇ ಮಾಡುವ ನೀರು

ನಮ್ಮ ಅಡುಗೆ ಆವಿಯ ಅಡುಗೆ. ಕುಕ್ಕರ್, ಇಡ್ಲಿ ಪಾತ್ರೆ, ಕುದಿಯುವ ಸಾರು. ಅಡುಗೆ ಮಾಡುವಾಗ ಚಿಮಣಿ ಹಾಕಿ, ಅಡುಗೆಮನೆಯ ಕಿಟಕಿ ತೆರೆದಿಡಿ, ಹಾಲ್ ಕಡೆಯ ಬಾಗಿಲು ಮುಚ್ಚಿ. ಹಬ್ಬದ ದಿನ ಹತ್ತು ಜನರ ಅಡುಗೆ ಆದ ಮೇಲೆ ಅಡುಗೆಮನೆಯ ಚಾವಣಿ ಮುಟ್ಟಿ ನೋಡಿ, ಅಂಟಂಟಾಗಿರುತ್ತದೆ. ಎಣ್ಣೆಯ ಪದರದ ಮೇಲೆ ಆವಿ ಕೂತರೆ ಬೂಷ್ಟಿಗೆ ಊಟ ನೀರು ಎರಡೂ ಸಿಕ್ಕಂತೆ. ವಾರಕ್ಕೊಮ್ಮೆ ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಿ.

ಬಟ್ಟೆ ಇನ್ನೂ ದೊಡ್ಡ ಸಂಗತಿ. ಮೆಷಿನ್‌ನಿಂದ ಹಿಂಡಿ ಬಂದ ಒಂದು ಹೊರೆ ಬಟ್ಟೆಯಲ್ಲೂ ಒಂದೆರಡು ಲೀಟರ್ ನೀರು ಉಳಿದಿರುತ್ತದೆ. ಅದನ್ನು ಮಲಗುವ ಕೋಣೆಯಲ್ಲಿ ಹರವಿದರೆ ಆ ನೀರೆಲ್ಲ ಗೋಡೆಗೆ ಹೋಗುತ್ತದೆ. ಎಚ್‌ಡಿಬಿ (ಸರ್ಕಾರಿ ವಸತಿ ಮಂಡಳಿ) ಮನೆಯಲ್ಲಿದ್ದರೆ ಹೊರಗೆ ಕೋಲು ಚಾಚಿ ಒಣಗಿಸುವ ವ್ಯವಸ್ಥೆಯನ್ನೇ ಬಳಸಿ. ಕಾಂಡೊಗಳಲ್ಲಿ, ಅಂದರೆ ಖಾಸಗಿ ಅಪಾರ್ಟ್‌ಮೆಂಟುಗಳಲ್ಲಿ, ಬಾಲ್ಕನಿಯಲ್ಲಿ ಬಟ್ಟೆ ಕಾಣಬಾರದು ಎಂಬ ನಿಯಮ ಹಲವೆಡೆ ಇದೆ. ಅಂಥಲ್ಲಿ ಒಂದೇ ಕೋಣೆ ಆರಿಸಿ, ಬಾಗಿಲು ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಹಾಕಿ ಒಣಗಿಸಿ. ಆ ಯಂತ್ರ ಕೊಳ್ಳಲು ಹಿಂಜರಿಯುವವರಿಗೆ ನನ್ನ ಮಾತು: ಎರಡನೇ ಟಿವಿಗಿಂತ ಮೊದಲು ಇದು. ಅದರ ತೊಟ್ಟಿಯ ನೀರನ್ನು ದಿನಾ ಚೆಲ್ಲಿ. ನಿಂತ ನೀರಲ್ಲಿ ಡೆಂಗಿಯ ಸೊಳ್ಳೆ ಮೊಟ್ಟೆಯಿಡುತ್ತದೆ. ಪರಿಸರ ಇಲಾಖೆಯವರು ಮನೆಗೇ ಬಂದು ನೋಡುತ್ತಾರೆ, ಮರಿ ಸಿಕ್ಕರೆ ದಂಡ.

ಬಚ್ಚಲಮನೆಗೆ ಒಂದೇ ಸೂತ್ರ. ಸ್ನಾನವಾದ ಮೇಲೆ ವೈಪರ್‌ನಿಂದ ಗೋಡೆ, ನೆಲದ ನೀರು ಎಳೆಯಿರಿ, ಎಕ್ಸಾಸ್ಟ್ ಫ್ಯಾನ್ ಅರ್ಧ ಗಂಟೆ ಓಡಲಿ.

ಇಲ್ಲಿನ ಹೊಸ ಫ್ಲ್ಯಾಟುಗಳಲ್ಲಿ ದಪ್ಪ ಕಬ್ಬಿಣದ ಬಾಗಿಲಿನ ಒಂದು ಪುಟ್ಟ ಕೋಣೆ ಇರುತ್ತದೆ. ಎಲ್ಲರೂ ಬಾಂಬ್ ಶೆಲ್ಟರ್ ಅನ್ನುತ್ತಾರೆ. 1990ರ ದಶಕದ ಕೊನೆಯಿಂದೀಚೆಗಿನ ಕಾನೂನಿನ ಪ್ರಕಾರ ಕಟ್ಟಿದ್ದು. ನಾವೆಲ್ಲ ಅದನ್ನು ಉಗ್ರಾಣ ಮಾಡಿಕೊಳ್ಳುತ್ತೇವೆ. ಸುತ್ತ ಕಾಂಕ್ರೀಟ್, ಗಾಳಿಯಾಡುವುದಿಲ್ಲ, ಬಾಗಿಲು ಮುಚ್ಚಿದರೆ ಮುಗಿಯಿತು, ಮುಗ್ಗಲು ವಾಸನೆ. ಬಾಗಿಲನ್ನು ಆದಷ್ಟು ತೆರೆದೇ ಇಡಿ. ಗಾಳಿಕಿಂಡಿಗೆ ಅಡ್ಡ ಏನೂ ಪೇರಿಸಬೇಡಿ. ಗೋಡೆಗೆ ಡ್ರಿಲ್ ಮಾಡಲು ಅಲ್ಲಿ ಕಟ್ಟುನಿಟ್ಟಿನ ನಿಯಮಗಳಿವೆ, ಆದ್ದರಿಂದ ನಿಂತ ರ‍್ಯಾಕ್ ಇಡಿ, ಅದೂ ಗೋಡೆಗೆ ತಾಗದಂತೆ. ಊರಿಂದ ತಂದ ಅಕ್ಕಿ, ಸಂಡಿಗೆ, ಮಕ್ಕಳ ಸರ್ಟಿಫಿಕೇಟು, ಇವನ್ನು ಅಲ್ಲಿಡಬೇಡಿ. ಸೂಟ್‌ಕೇಸ್ ಇಡಬಹುದು, ಒಳಗೆ ಬಟ್ಟೆಯಿಲ್ಲದೆ.

ರೇಷ್ಮೆ ಸೀರೆ

ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಾನು ಕಳೆದುಕೊಂಡದ್ದು ಅಮ್ಮನ ಧಾರೆ ಸೀರೆಯನ್ನು. ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿ ಸುತ್ತಿ, ನುಸಿಗುಳಿಗೆ ಹಾಕಿ, ಹೊರಗೋಡೆಗೆ ತಾಗಿದ ಕಪಾಟಿನ ತಳದಲ್ಲಿಟ್ಟಿದ್ದೆ. ಆರು ತಿಂಗಳ ಮೇಲೆ ವರಮಹಾಲಕ್ಷ್ಮಿಗೆ ಉಡಲು ತೆಗೆದರೆ ಮಡಿಕೆ ಮಡಿಕೆಗೂ ಕಂದು ಕಲೆ, ಜರಿ ಕಪ್ಪಾಗಿತ್ತು. ಡ್ರೈಕ್ಲೀನ್‌ನವರು ಕೈಚೆಲ್ಲಿದರು. ಆ ಸೀರೆಯನ್ನು ಈಗಲೂ ಇಟ್ಟುಕೊಂಡಿದ್ದೇನೆ, ಉಡಲು ಬರುವುದಿಲ್ಲ.

ಪ್ಲಾಸ್ಟಿಕ್ ತೇವವನ್ನು ಹೊರಗಿಡುವುದಿಲ್ಲ, ಒಳಗೇ ಕೂಡಿಹಾಕುತ್ತದೆ. ನುಸಿಗುಳಿಗೆ ಹುಳುವಿಗೆ ಮಾತ್ರ, ತೇವಕ್ಕಲ್ಲ. ಅಲ್ಲದೆ ಜಿ-6-ಪಿ-ಡಿ ಎಂಬ ಕಿಣ್ವದ ಹುಟ್ಟು ಕೊರತೆಯಿರುವ ಮಗು ಮನೆಯಲ್ಲಿದ್ದರೆ ನುಸಿಗುಳಿಗೆ ಅಪಾಯ, ಅದರ ರಕ್ತಕಣಗಳೇ ಒಡೆಯಬಹುದು. ಇಲ್ಲಿ ಹುಟ್ಟಿದ ಕೂಸಿಗೆ ಆಸ್ಪತ್ರೆಯಲ್ಲೇ ಆ ಪರೀಕ್ಷೆ ಮಾಡುತ್ತಾರೆ. ಊರಲ್ಲಿ ಹುಟ್ಟಿದ ಮಗುವಾದರೆ ವೈದ್ಯರನ್ನು ಕೇಳಿ.

ಸೀರೆಯನ್ನು ಒಗೆದ ಹಳೇ ಪಂಚೆಯಲ್ಲಿ ಸುತ್ತಿ ಮೇಲಿನ ಅರೆಯಲ್ಲಿಡಿ. ಉಟ್ಟ ಸೀರೆಯನ್ನು ಬೆವರು ಆರುವ ಮೊದಲು ಮಡಚಿಡಬೇಡಿ. ಎರಡು ತಿಂಗಳಿಗೊಮ್ಮೆ ಎಸಿ ಹಾಕಿದ ಕೋಣೆಯಲ್ಲಿ ಬಿಚ್ಚಿ, ಮಡಿಕೆ ಬದಲಿಸಿ. ಕಪಾಟಿನೊಳಗೆ ತೇವ ಹೀರುವ ಡಬ್ಬಿ ಇಡಿ, ಎಲ್ಲ ಸೂಪರ್ ಮಾರ್ಕೆಟ್‌ಗಳಲ್ಲೂ ಸಿಗುತ್ತದೆ. ಅದರೊಳಗಿನ ಬಿಳಿ ಹರಳು ಕ್ಯಾಲ್ಸಿಯಂ ಕ್ಲೋರೈಡ್, ನೀರು ಹೀರಿ ತಳಕ್ಕೆ ಇಳಿಸುತ್ತದೆ. ಮುಚ್ಚಿದ ಕಪಾಟಿಗೆ ಮಾತ್ರ ಅದು ಸಾಕು, ಹಾಲ್‌ನಲ್ಲಿಟ್ಟರೆ ಪ್ರಯೋಜನವಿಲ್ಲ. ಮಕ್ಕಳ ಕೈಗೆ ಸಿಗದಿರಲಿ, ಆ ನೀರು ಬಟ್ಟೆ, ಚರ್ಮದ ಮೇಲೆ ಚೆಲ್ಲದಿರಲಿ.

ಹಿಡಿದ ಬೂಷ್ಟನ್ನು ತೆಗೆಯುವುದು

ಮೂರಡಿ ಉದ್ದ ಮೂರಡಿ ಅಗಲದೊಳಗಿನ ಕಲೆಯಾದರೆ ನೀವೇ ತೆಗೆಯಬಹುದು. ಅದಕ್ಕಿಂತ ದೊಡ್ಡದಾದರೆ, ಗೋಡೆ ಉಬ್ಬಿ ಪ್ಲಾಸ್ಟರ್ ಉದುರುತ್ತಿದ್ದರೆ, ಕೆಲಸದವರನ್ನೇ ಕರೆಸಿ. ಆಸ್ತಮಾ ಇರುವವರು, ಸಣ್ಣ ಮಕ್ಕಳು ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ. ಮಾಸ್ಕ್, ಕೈಗವಸು ಹಾಕಿ, ಫ್ಯಾನ್ ಆರಿಸಿ. ಒಣ ಬ್ರಶ್ಶಿನಲ್ಲಿ ಉಜ್ಜಲೇಬೇಡಿ, ಬೂಷ್ಟಿನ ಕಣ ಮನೆಯೆಲ್ಲ ಹಾರುತ್ತದೆ. ಸೋಪು ನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿಗೆ ಹಾಕಿ ಎಸೆದು, ಆಮೇಲೆ ಫ್ಯಾನಿನ ಗಾಳಿಯಲ್ಲಿ ಗೋಡೆಯನ್ನು ಪೂರ್ತಿ ಒಣಗಿಸಿ. ಬ್ಲೀಚ್ ಟೈಲ್ಸಿಗೆ ಸರಿ. ಬಣ್ಣದ ಗೋಡೆಯಲ್ಲಿ ಕಲೆ ಬೆಳ್ಳಗಾಗುತ್ತದೆ, ಒಳಗೆ ಇಳಿದ ಬೂಷ್ಟು ಉಳಿಯಬಹುದು. ಬ್ಲೀಚಿನ ಜೊತೆ ವಿನಿಗರ್, ಟಾಯ್ಲೆಟ್ ತೊಳೆಯುವ ಆಸಿಡ್, ಅಮೋನಿಯ ಇವನ್ನು ಯಾವ ಕಾರಣಕ್ಕೂ ಬೆರೆಸಬೇಡಿ. ವಿಷದ ಗಾಳಿ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಜೀವಕ್ಕೇ ಅಪಾಯ.

ಬೂಷ್ಟು ತಡೆಯುವ ಪೇಂಟ್ ಬರುತ್ತದೆ, ಒಳ್ಳೆಯದೇ. ಆದರೆ ಗೋಡೆ ಒಣಗಿದ ಮೇಲೆ ಬಳಿಯುವಂಥದ್ದು ಅದು, ಒಣಗಿಸುವುದಕ್ಕಲ್ಲ.

ನೀರು ಮೇಲಿಂದ ಬರುತ್ತಿದ್ದರೆ, ಮತ್ತು ಕಾಗದಪತ್ರ

ಚಾವಣಿಯಲ್ಲಿ ಹಳದಿ ವೃತ್ತ, ಅದೂ ಬಚ್ಚಲಮನೆಯಲ್ಲಿ, ಮಳೆಗೂ ಬಿಸಿಲಿಗೂ ಸಂಬಂಧವಿಲ್ಲದೆ ದೊಡ್ಡದಾಗುತ್ತಿದ್ದರೆ ಅದು ಮೇಲಿನ ಮನೆಯ ನೆಲದಿಂದ ಸೋರುತ್ತಿರುವ ನೀರು. ಎಚ್‌ಡಿಬಿಯಲ್ಲಿ ಇದಕ್ಕೆ ಒಂದು ರಿಪೇರಿ ನೆರವಿನ ಯೋಜನೆ ಇದೆ. ಅರ್ಧ ಖರ್ಚನ್ನು ಎಚ್‌ಡಿಬಿ ಹಾಕುತ್ತದೆ, ಉಳಿದರ್ಧವನ್ನು ಮೇಲಿನ ಕೆಳಗಿನ ಮಾಲೀಕರು ಹಂಚಿಕೊಳ್ಳುತ್ತಾರೆ. ಕಾಂಡೊದಲ್ಲಿ ಬೇರೆ ಕಾರಣ ಸಾಬೀತಾಗುವವರೆಗೆ ಮೇಲಿನವರದೇ ಹೊಣೆ ಅಂತ ಕಾನೂನು ಭಾವಿಸುತ್ತದೆ. ನೀವು ಬಾಡಿಗೆಗಿದ್ದರೆ ಅರ್ಜಿ ಹಾಕಬೇಕಾದ್ದು ಮಾಲೀಕರು. ನಿಮ್ಮ ಕೆಲಸ ಅವರಿಗೆ ಬರವಣಿಗೆಯಲ್ಲಿ, ಫೋಟೊ ಸಮೇತ, ಕಂಡ ದಿನವೇ ತಿಳಿಸುವುದು. ಫೋನಿನಲ್ಲಿ ಹೇಳಿದ್ದರೂ ಅದನ್ನೇ ಮತ್ತೆ ವಾಟ್ಸಾಪಿನಲ್ಲಿ ಬರೆದು ಹಾಕಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಮೊದಲ ಬಾಡಿಗೆ ಮನೆಯಲ್ಲಿ ಎಸಿಯ ನೀರು ಹೋಗುವ ಪೈಪು ಕಟ್ಟಿಕೊಂಡು ಗೋಡೆಯೊಳಗೇ ಇಳಿಯುತ್ತಿತ್ತು. ಕಲೆ ನಾವು ಬರುವ ಮೊದಲೇ ಇತ್ತು, ತೆಳ್ಳಗೆ ಬಣ್ಣ ಬಳಿದು ಮುಚ್ಚಿದ್ದರು. ನಮ್ಮ ಹತ್ತಿರ ಒಂದು ಫೋಟೊ ಇರಲಿಲ್ಲ. ಬಿಡುವಾಗ ಡೆಪಾಸಿಟ್‌ನಲ್ಲಿ ಅರ್ಧಕ್ಕರ್ಧ ಹೋಯಿತು.

ಕೀ ಸಿಕ್ಕ ದಿನ ಸಾಮಾನು ಇಳಿಸುವ ಮೊದಲು ಪ್ರತಿ ಗೋಡೆ, ಪ್ರತಿ ಕಪಾಟಿನ ಒಳಗು, ಸಿಂಕಿನ ಕೆಳಗು, ಎಸಿಯ ಸುತ್ತ ಫೋಟೊ ತೆಗೆದು ಅವತ್ತೇ ಏಜೆಂಟರಿಗೆ ಕಳಿಸಿ. ಒಳಗೆ ಕಾಲಿಡುತ್ತಲೇ ಹೊಸ ಪೇಂಟಿನ ವಾಸನೆ ಬಂದರೆ ಕಪಾಟಿನ ಬಾಗಿಲು ತೆರೆದು ಮೂಸಿ ನೋಡಿ, ಮೂಗು ಮೋಸ ಹೋಗುವುದಿಲ್ಲ. ಅಗ್ರಿಮೆಂಟಿನಲ್ಲಿ ಮೊದಲ 30 ದಿನದ ದೋಷ ಮಾಲೀಕರದು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ, ಇಲ್ಲದಿದ್ದರೆ ಸಹಿಗೆ ಮೊದಲು ಕೇಳಿ ಹಾಕಿಸಿ. ಮೂರು ತಿಂಗಳಿಗೊಮ್ಮೆ ಎಸಿ ಸರ್ವಿಸ್ ಮಾಡಿಸುವುದು ಬಹುತೇಕ ಬಾಡಿಗೆದಾರರ ಹೊಣೆ. ಪ್ರತಿ ರಸೀದಿ ಎತ್ತಿಡಿ, ಸರ್ವಿಸ್‌ನವರು ಬಂದಾಗ ನೀರಿನ ಪೈಪನ್ನು ಎದುರಿಗೇ ಶುದ್ಧ ಮಾಡಿಸಿ. ಮಾತು ಮುರಿದುಬಿದ್ದರೆ ಸ್ಮಾಲ್ ಕ್ಲೇಮ್ಸ್ ಟ್ರಿಬ್ಯೂನಲ್ ಇದೆ. ಎರಡು ವರ್ಷ ಮೀರದ ಬಾಡಿಗೆ ಕರಾರಿನ ವ್ಯಾಜ್ಯವನ್ನು 20,000 ಡಾಲರ್‌ವರೆಗೆ ಅಲ್ಲಿ ಕೇಳಬಹುದು, ವಕೀಲರು ಬೇಕಿಲ್ಲ.

ಡಿಸೆಂಬರ್ ರಜೆಗೆ ಊರಿಗೆ ಹೊರಟಾಗ

ಶಾಲೆಗೆ ರಜೆ, ಊರಲ್ಲಿ ಮದುವೆ, ತಿಂಗಳು ಮನೆ ಬೀಗ. ಇಲ್ಲಿ ಅದೇ ಮಳೆಯ ಕಾಲ. ಅತಿ ಹೆಚ್ಚು ಬೂಷ್ಟಿನ ಫೋಟೊ ನಮಗೆ ಬರುವುದು ಜನವರಿಯಲ್ಲಿ. ಹೊರಡುವ ಮುನ್ನ ಎಲ್ಲ ಕಪಾಟು, ಕೋಣೆ, ಬಾಂಬ್ ಶೆಲ್ಟರ್ ಬಾಗಿಲು ತೆರೆದಿಡಿ. ಹಾಸಿಗೆಯನ್ನು ಗೋಡೆಗೆ ತಾಗದಂತೆ ಎತ್ತಿ ನಿಲ್ಲಿಸಿ. ಒದ್ದೆ ಟವೆಲ್, ಕಾಲೊರಸು ಒಂದೂ ಉಳಿಯದಿರಲಿ. ಕಪಾಟುಗಳಿಗೆ ಹೊಸ ತೇವಹೀರುವ ಡಬ್ಬಿ, ಡಿಹ್ಯುಮಿಡಿಫೈಯರ್ ತೊಟ್ಟಿ ಖಾಲಿ. ಕೀಯನ್ನು ನಂಬಿಕೆಯ ಸ್ನೇಹಿತರಿಗೆ ಕೊಟ್ಟು ವಾರಕ್ಕೊಮ್ಮೆ ಬಂದು ಎರಡು ಗಂಟೆ ಎಸಿಯನ್ನು ಡ್ರೈ ಮೋಡ್‌ನಲ್ಲಿ, ರಿಮೋಟಿನಲ್ಲಿ ನೀರಿನ ಹನಿಯ ಗುರುತಿರುತ್ತದಲ್ಲ ಅದರಲ್ಲಿ, ಓಡಿಸಲು ಹೇಳಿ. ಅವರು ಹೋಗುವಾಗ ನೀವೂ ಅಷ್ಟು ಮಾಡಿ.

ತೇವಾಂಶ ಮಾಪಕ ಕೊಳ್ಳುವ ಮೊದಲು ಬಳಸಿ ನೋಡುವವರಿಗೆ ಸಂಘದಲ್ಲಿ ಎರಡು ಇವೆ. ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಬಿಡಲು ಬಂದಾಗ ಕೇಳಿ ಒಯ್ಯಿರಿ, ಒಂದು ವಾರ ಇಟ್ಟುಕೊಂಡು ಹಿಂದಿರುಗಿಸಿ.