ಹಿತ್ತಲಿಗೆ ಹಣ್ಣಿನ ಗಿಡ: ತರುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಹೊಸ ಮನೆಗೆ ಬಂದ ಮೊದಲ ವಸಂತದಲ್ಲೇ ನರ್ಸರಿಗೆ ಹೋಗಿ, ಚೀಟಿಯ ಮೇಲಿನ ಹಣ್ಣಿನ ಚಿತ್ರಕ್ಕೆ ಮರುಳಾಗಿ ಗಿಡ ತಂದುಬಿಡುವುದು ನಮ್ಮಲ್ಲಿ ಬಹುತೇಕರು ಮಾಡಿರುವ ತಪ್ಪು. ಬೆಚ್ಚಗಿನ ಸೀಮೆಯಲ್ಲಿ ಬೆಳೆದವರಿಗೆ ಗಿಡ ಸಾಯುವುದೆಂದರೆ ನೀರಿಲ್ಲದೆ ಒಣಗುವುದು ಎಂಬ ಎಣಿಕೆ ಇರುತ್ತದೆ. ಕಡುಚಳಿಯ ಊರಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಮೊದಲ ವರ್ಷ ಮರವನ್ನೇ ನೆಡದೆ, ಹಿತ್ತಲಿನಲ್ಲಿ ಬಿಸಿಲು ಎಲ್ಲಿ ಎಷ್ಟು ಹೊತ್ತು ಬೀಳುತ್ತದೆ, ಮಳೆನೀರು ಎಲ್ಲಿ ನಿಲ್ಲುತ್ತದೆ, ಹಿಮ ಎಲ್ಲಿ ಕೊನೆಗೆ ಕರಗುತ್ತದೆ ಎಂಬುದನ್ನು ಗಮನಿಸುತ್ತ ಕಳೆದರೂ ನಷ್ಟವೇನಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಗಿಡದ ಚೀಟಿಯ ಮೇಲೆ ಸಾಮಾನ್ಯವಾಗಿ ಒಂದು ವಲಯ ಸಂಖ್ಯೆ ಇರುತ್ತದೆ. ಅಮೆರಿಕದ ಕೃಷಿ ಇಲಾಖೆ 1960ರಲ್ಲಿ ಮೊದಲು ಪ್ರಕಟಿಸಿ, ಕೊನೆಯದಾಗಿ 2023ರಲ್ಲಿ ಪರಿಷ್ಕರಿಸಿದ ನಕ್ಷೆಯ ಸಂಖ್ಯೆ ಇದು. ಬೇರೆ ದೇಶಗಳ ತೋಟಗಾರರೂ ಇದನ್ನು ಬಳಸುತ್ತಾರೆ. ಒಟ್ಟು 13 ವಲಯಗಳಿದ್ದು, ಪ್ರತಿಯೊಂದು ವರ್ಷದ ಅತ್ಯಂತ ಚಳಿಯ ರಾತ್ರಿಯ ಉಷ್ಣಾಂಶವನ್ನು ತೆಗೆದುಕೊಂಡು ಮಾಡಿದ ಸರಾಸರಿಯೇ ಇದಕ್ಕೆ ಆಧಾರ. 5ನೇ ವಲಯವೆಂದರೆ ಸುಮಾರು ಮೈನಸ್ 29ರಿಂದ ಮೈನಸ್ 23 ಡಿಗ್ರಿ ಸೆಲ್ಸಿಯಸ್, 7ನೇ ವಲಯವೆಂದರೆ ಮೈನಸ್ 18ರಿಂದ ಮೈನಸ್ 12. ನಿಮ್ಮ ವಲಯ 6 ಆಗಿದ್ದರೆ 6 ಅಥವಾ ಅದಕ್ಕಿಂತ ಕಡಿಮೆ ಸಂಖ್ಯೆಯ ಚಳಿಯನ್ನು ತಾಳುವ ಗಿಡವನ್ನೇ ತರಬೇಕು. ಕುಂಡದಲ್ಲಿ ಬೆಳೆಸುವುದಾದರೆ ಇನ್ನೂ ಎರಡು ವಲಯದಷ್ಟು ಗಟ್ಟಿಯಾದ ಗಿಡ ಬೇಕಾಗುತ್ತದೆ. ಏಕೆಂದರೆ ಕಾಂಡ ತಾಳುವಷ್ಟು ಚಳಿಯನ್ನು ಬೇರು ತಾಳುವುದಿಲ್ಲ, ನೆಲದ ಮಣ್ಣು ಬೇರಿಗೆ ಕೊಡುವ ರಕ್ಷಣೆಯನ್ನು ಕುಂಡದ ತೆಳುಗೋಡೆ ಕೊಡಲಾರದು.

ಆದರೆ ಈ ಸಂಖ್ಯೆಯೊಂದನ್ನೇ ನಂಬಿದರೆ ಮರ ಉಳಿಯಬಹುದು, ಹಣ್ಣು ಸಿಗುವ ಭರವಸೆಯಿಲ್ಲ. ಸೇಬು, ಪೀಚ್, ಚೆರ್ರಿಯಂಥ ಮರಗಳು ಎಲೆ ಉದುರಿಸಿ ನಿದ್ದೆಗೆ ಜಾರಿದ ಮೇಲೆ, ಮತ್ತೆ ಸರಿಯಾಗಿ ಚಿಗುರಲು ನಿರ್ದಿಷ್ಟ ಅವಧಿಯ ಚಳಿಯನ್ನು ಉಣ್ಣಲೇಬೇಕು. ಉಷ್ಣಾಂಶ 0ಯಿಂದ 7 ಡಿಗ್ರಿಯ ನಡುವೆ ಇರುವ ಗಂಟೆಗಳನ್ನು ಕೂಡಿಸಿ ಇದನ್ನು ಅಳೆಯುತ್ತಾರೆ. ಹಲವು ಸೇಬಿನ ತಳಿಗಳಿಗೆ 800 ಗಂಟೆಗೂ ಹೆಚ್ಚು ಬೇಕು. ಆನಾ, ಡಾರ್ಸೆಟ್ ಗೋಲ್ಡನ್ ತಳಿಗಳಿಗೆ 200ರಿಂದ 300 ಗಂಟೆ ಸಾಕು. ಚಳಿ ಸಾಲದ ಊರಿನಲ್ಲಿ ಮೊದಲ ಬಗೆಯ ಮರ ಅಲ್ಲೊಂದು ಇಲ್ಲೊಂದು ಮೊಗ್ಗು ಬಿಟ್ಟು ಸೊರಗುತ್ತದೆ. ಎರಡನೆಯ ಬಗೆಯದನ್ನು ಕಡುಚಳಿಯ ಊರಿನಲ್ಲಿ ನೆಟ್ಟರೆ ಚಳಿಗಾಲದ ನಡುವೆ ನಾಲ್ಕು ದಿನ ಬಿಸಿಲು ಕಾದದ್ದೇ ವಸಂತ ಬಂತೆಂದು ಎಚ್ಚರಗೊಂಡು, ಮುಂದಿನ ಚಳಿಗೆ ಹೂವನ್ನೆಲ್ಲ ಕಳೆದುಕೊಳ್ಳುತ್ತದೆ. ನಿದ್ದೆಯಲ್ಲಿದ್ದಾಗ ಮೈನಸ್ 25ನ್ನು ತಾಳಿಕೊಂಡ ಸೇಬಿನ ಮರ, ಪೂರ್ತಿ ಹೂ ಬಿಟ್ಟಾಗ ಸುಮಾರು ಮೈನಸ್ 2 ಡಿಗ್ರಿಗೇ ಹೂ ಕಳೆದುಕೊಳ್ಳತೊಡಗುತ್ತದೆ; ಮೈನಸ್ 4ಕ್ಕೆ ಇಳಿದರೆ ಹೆಚ್ಚುಕಡಿಮೆ ಎಲ್ಲವೂ ಹೋಗುತ್ತವೆ.

ಹೀಗಾಗಿ ಜಾಗದ ಆಯ್ಕೆಯೂ ತಳಿಯ ಆಯ್ಕೆಯಷ್ಟೇ ಮುಖ್ಯ. ತಣ್ಣನೆಯ ಗಾಳಿ ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಇಳಿಜಾರಿಗೆ ಅಡ್ಡಲಾಗಿ ಒತ್ತಾದ ಬೇಲಿಯಿದ್ದರೆ ಅದರ ಹಿಂದೆಯೂ ನಿಲ್ಲುತ್ತದೆ. ಅಲ್ಲಿ ಮರ ನೆಡಬಾರದು. ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಮಗ್ಗುಲು ಬೆಚ್ಚಗಿರುವುದರಿಂದ ಅಂಜೂರಕ್ಕೆ ಒಳ್ಳೆಯದು, ಆದರೆ ಮೊದಲೇ ಅವಸರದಲ್ಲಿ ಹೂಬಿಡುವ ಏಪ್ರಿಕಾಟ್‌ಗೆ ಅದೇ ಜಾಗ ಮುಳುವಾಗಬಹುದು. ನೀರು ಬಸಿಯುತ್ತದೆಯೇ ಎಂದು ತಿಳಿಯಲು ಒಂದಡಿ ಆಳದ ಗುಂಡಿ ತೋಡಿ ಎರಡು ಬಾರಿ ನೀರು ತುಂಬಿಸಿ. ಎರಡನೆಯ ಬಾರಿಯ ನೀರು ಮರುದಿನವೂ ನಿಂತಿದ್ದರೆ ಏರುಮಡಿ ಮಾಡಿಯೇ ನೆಡಬೇಕು. ಬ್ಲೂಬೆರಿಗೆ ಹುಳಿಮಣ್ಣು, ಅಂದರೆ ಪಿಎಚ್ 4.5ರಿಂದ 5.5 ಬೇಕಾಗುವುದರಿಂದ, ಮಣ್ಣು ಪರೀಕ್ಷೆ ಮಾಡಿಸದೆ ಅದರ ತಂಟೆಗೆ ಹೋಗದಿರುವುದೇ ವಾಸಿ.

ಒಂಟಿ ಮರದ ವಿಚಾರವನ್ನೂ ಹೇಳಬೇಕು. ಈ ಮಾರ್ಗದರ್ಶಿ ಬರೆದವರ ಹಿತ್ತಲಿನಲ್ಲೇ ಒಂದು ಸೇಬಿನ ಮರ ವರ್ಷ ವರ್ಷವೂ ಮೈತುಂಬ ಹೂಬಿಟ್ಟು ಬರಿಗೈಯಲ್ಲೇ ನಿಲ್ಲುತ್ತಿತ್ತು. ಗೊಬ್ಬರ ಹಾಕಿ ಹಾಕಿ ಸೋತ ಮೇಲೆ ಗೊತ್ತಾದದ್ದು, ಕೊರತೆಯಿದ್ದದ್ದು ಗೊಬ್ಬರದ್ದಲ್ಲ, ಜೊತೆಯದ್ದು. ಸೇಬು, ಪಿಯರ್ ಮತ್ತು ಹೆಚ್ಚಿನ ಸಿಹಿ ಚೆರ್ರಿಗಳಿಗೆ ಅದೇ ಹೊತ್ತಿನಲ್ಲಿ ಹೂಬಿಡುವ ಬೇರೊಂದು ತಳಿಯ ಪರಾಗ ಬೇಕು. ಜಾಗ ಒಂದೇ ಮರಕ್ಕಿದ್ದರೆ ಹುಳಿ ಚೆರ್ರಿ, ಅಂಜೂರ ಅಥವಾ ಪೀಚ್ ನೆಡಬಹುದು. ಇವು ಸಾಮಾನ್ಯವಾಗಿ ಒಂಟಿಯಾಗಿಯೇ ಹಣ್ಣು ಕೊಡುತ್ತವೆ.

ಕೊಳ್ಳುವಾಗ ಕಾಂಡದ ಬುಡವನ್ನು ಬಗ್ಗಿ ನೋಡಿ. ಅಲ್ಲಿ ಸ್ವಲ್ಪ ಸೊಟ್ಟಗಿರುವ ಒಂದು ಗಂಟು ಕಾಣುತ್ತದೆ, ಅದೇ ಕಸಿಗಂಟು, ಅಂದರೆ ಬೇರು ಕೊಡುವ ಗಿಡಕ್ಕೆ ಹಣ್ಣಿನ ತಳಿಯನ್ನು ಕಸಿಮಾಡಿ ಕೂಡಿಸಿದ ಜಾಗ. ಗಂಟಿನ ಕೆಳಗಿನ ಬೇರುಗಿಡವೇ ಮರದ ಎತ್ತರವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ: ಎಂ 9 ಎಂಬ ಗಿಡ್ಡ ಬಗೆಯ ಬೇರುಗಿಡದ ಸೇಬು ಸುಮಾರು ಎರಡೂವರೆಯಿಂದ ಮೂರು ಮೀಟರಿಗೆ ನಿಲ್ಲುತ್ತದೆ, ಆದರೆ ಅದಕ್ಕೆ ಕೊನೆಯವರೆಗೂ ಊರುಗೋಲು ಬೇಕು. ನೆಡುವಾಗ ಗಂಟು ಮಣ್ಣಿನಿಂದ ನಾಲ್ಕು ಬೆರಳಾದರೂ ಮೇಲಿರಲಿ. ಹೂತುಹೋದರೆ ಮೇಲಿನ ತಳಿಯೇ ಬೇರುಬಿಟ್ಟು ಗಿಡ್ಡ ಮರ ಹೆಮ್ಮರವಾಗುತ್ತದೆ. ಮರದ ಚೂರಿನ ಹೊದಿಕೆಯನ್ನು ಎರಡು ಮೂರು ಅಂಗುಲ ದಪ್ಪ ಹರಡಬೇಕೇ ಹೊರತು ಕಾಂಡಕ್ಕೆ ಒತ್ತಿ ಗುಡ್ಡೆ ಹಾಕಬಾರದು. ಬೇಸಿಗೆಯ ನಡುಭಾಗದ ನಂತರ ಸಾರಜನಕದ ಗೊಬ್ಬರ ಬೇಡ; ಆಗ ಹುಟ್ಟುವ ಎಳೆಚಿಗುರು ಬಲಿಯುವ ಮೊದಲೇ ಚಳಿ ಬಂದಿರುತ್ತದೆ.

ಮಾವು, ಬಾಳೆ, ಕರಿಬೇವಿನಂಥ ಉಷ್ಣವಲಯದ ಗಿಡಗಳನ್ನು ಕಡುಚಳಿಯ ಊರಿನಲ್ಲಿ ಕುಂಡದಲ್ಲಷ್ಟೇ ಇಟ್ಟುಕೊಂಡು, ರಾತ್ರಿಯ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯತೊಡಗಿದ ಕೂಡಲೇ ಒಳಗೆ ತರಬೇಕು.

ಮೊದಲ ಚಳಿಗಾಲ ಕಳೆದು ಗಿಡ ಕಡ್ಡಿಯಂತೆ ನಿಂತಿದ್ದರೆ ಅವಸರದಿಂದ ಕಿತ್ತೆಸೆಯಬೇಡಿ. ತೆಳುಕೊಂಬೆಯ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ: ಒಳಗೆ ಹಸಿರು, ತೇವ ಕಂಡರೆ ಅದು ಬದುಕಿದೆ, ಕಂದು ಬಣ್ಣವಿದ್ದರೆ ಕೆಳಕ್ಕೆ ಸರಿಯುತ್ತ ಮತ್ತೆ ಕೆರೆಯಿರಿ. ಹಸಿರು ಕಂಡಲ್ಲಿಯವರೆಗೆ ಸವರಿ, ಬೇಸಿಗೆಯ ಆರಂಭದವರೆಗೆ ಕಾಯಿರಿ. ಚಿಗುರು ಕಸಿಗಂಟಿನ ಮೇಲಿಂದ ಬಂದರೆ ನೀವು ಕೊಂಡ ತಳಿ ಉಳಿದಿದೆ. ಕೆಳಗಿನಿಂದ ಮಾತ್ರ ಬಂದರೆ ಉಳಿದಿರುವುದು ಬೇರುಗಿಡವಷ್ಟೇ, ಅಲ್ಲಿಗೆ ಹೊಸ ಗಿಡ ತರಬೇಕಾಗುತ್ತದೆ.