ವಾರಕ್ಕೆ ಒಂದೇ ವಾಕ್ಯಭಾಗ: ನನ್ನ ಅನುಭವ

ಪಾಸ್ಟರ್ ಆಗಿ ನಾನು ಭಾನುವಾರ ಚರ್ಚಿನಲ್ಲಿ ಪ್ರಸಂಗಿಸಬೇಕಾದ ಬೈಬಲ್‌ನ ವಾಕ್ಯಭಾಗವನ್ನೇ ಮಂಗಳವಾರದಿಂದ ಮನೆಭೇಟಿಗೆ, ಆಸ್ಪತ್ರೆಗೆ, ವಾರದ ನಡುವಿನ ಅಧ್ಯಯನಕ್ಕೆ ಒಯ್ಯುತ್ತೇನೆ. ಭಾನುವಾರ ಕಾಗದವಿಲ್ಲದೆ ಪುಲ್ಪಿಟ್ (ಪ್ರಸಂಗದ ವೇದಿಕೆ) ಹತ್ತುತ್ತೇನೆ. ಈ ಕ್ರಮ ಶುರುಮಾಡಿದಾಗ ಹಿರಿಯ ಪಾಸ್ಟರ್‌ಗಳಿಂದ ಮೂರು ತಕರಾರು ಬಂದವು. ಒಂದೇ ಭಾಗವನ್ನು ಎಳೆದಾಡಿದರೆ ಜನಕ್ಕೆ ಬೇಸರ. ಕಾಗದವಿಲ್ಲದೆ ನಿಂತರೆ ಮಾತು ಅರ್ಧಕ್ಕೆ ನಿಲ್ಲುತ್ತದೆ. ಪ್ರಸಂಗಕ್ಕಾಗಿ ಓದಿದ ವಾಕ್ಯ ಪ್ರಾರ್ಥನೆ ಆಗುವುದಿಲ್ಲ. ಮೊದಲ ಎರಡಕ್ಕೆ ಈಗ ಸಭೆಯೇ ಉತ್ತರ: ಪ್ರಸಂಗದಲ್ಲಿ ಏನಿತ್ತೆಂದು ಮುಂದಿನ ಬುಧವಾರ ಕೇಳಿದರೂ ಜನ ವಚನ ಸಮೇತ ಹೇಳುತ್ತಾರೆ. ಮೂರನೆಯದು ತೂಕದ ತಕರಾರು. ನಮ್ಮ ಕೆಲಸದಲ್ಲಿರುವ ಎಳೆಯರನ್ನು ಒಳಗಿನಿಂದ ಒಣಗಿಸುವುದು ಅದೇ. ಆದ್ದರಿಂದ ಅದರಿಂದಲೇ ಶುರುಮಾಡುತ್ತೇನೆ.

ಬೆಳಗಿನ ಕೀರ್ತನೆಗಳನ್ನು, ಅಂದರೆ ಬೈಬಲ್‌ನ ಪ್ರಾರ್ಥನಾಗೀತೆಗಳನ್ನು, ಪ್ರಸಂಗದಿಂದ ಪೂರ್ತಿ ಬೇರೆ ಇಟ್ಟಿದ್ದೇನೆ. ಆಂಗ್ಲಿಕನ್ ಸಭೆಯ 1662ರ ಸಾಮಾನ್ಯ ಪ್ರಾರ್ಥನಾ ಪುಸ್ತಕದ ಹಂಚಿಕೆಯನ್ನೇ ಹಿಡಿದಿದ್ದೇನೆ: 150 ಕೀರ್ತನೆಗಳು 30 ದಿನಕ್ಕೆ, ಬೆಳಿಗ್ಗೆ ಸಂಜೆ ಸೇರಿ 60 ಪಾಲು. ಪಾಲಿಗೆ ಸರಾಸರಿ ನಲವತ್ತು ವಚನ ಬೀಳುತ್ತದೆ, ಗಟ್ಟಿಯಾಗಿ ಓದಿದರೆ ಏಳೆಂಟು ನಿಮಿಷ. ಕೈಯಲ್ಲಿ ಪೆನ್ನು ಇರಬಾರದು, ಫೋನ್ ಇನ್ನೊಂದು ಕೋಣೆಯಲ್ಲಿರಬೇಕು. ಪೆನ್ನು ಹಿಡಿದ ಕೂಡಲೇ ಮನಸ್ಸು ಇದನ್ನು ಸಭೆಗೆ ಹೇಗೆ ಹೇಳಲಿ ಎಂದು ಲೆಕ್ಕ ಹಾಕಲು ಹೊರಡುತ್ತದೆ. ಅಲ್ಲಿಗೆ ಪ್ರಾರ್ಥನೆ ಮುಗಿಯಿತು. ಒಳ್ಳೆಯ ವಿಚಾರ ಹೊಳೆದರೆ? ಬಿಟ್ಟುಬಿಡಿ. ಬೇಕಾದದ್ದು ಮುಂದಿನ ತಿಂಗಳು ಅದೇ ತಾರೀಖಿಗೆ ತಿರುಗಿ ಬರುತ್ತದೆ.

ಈ ಹಂಚಿಕೆ ಮುರಿಯುವ ಜಾಗಗಳು ಗೊತ್ತಿರಲಿ. 15ರ ಸಂಜೆ 78ನೇ ಕೀರ್ತನೆ ಒಂದೇ, ಆದರೆ 72 ವಚನ. ಹೊರಗಿನ ಕೂಟ ಇರುವ ಸಂಜೆ ಅದು ಬಂದರೆ ತಪ್ಪಿಹೋಗುವುದು ಖಂಡಿತ. 119ನೇ ಕೀರ್ತನೆಯ 176 ವಚನಗಳು 24ರ ಸಂಜೆಯಿಂದ 26ರ ಸಂಜೆಯವರೆಗೆ ಹರಡಿವೆ. ಎಂಟೆಂಟು ವಚನದ 22 ಕಂತು, ಕಂತಿನ ಕೊನೆಯಲ್ಲಿ ನಿಂತು ಉಸಿರು ತೆಗೆದುಕೊಳ್ಳದಿದ್ದರೆ ನಾಲಿಗೆ ಓದುತ್ತದೆ, ತಲೆ ಎಲ್ಲೋ ಇರುತ್ತದೆ. ತಪ್ಪಿದ ಪಾಲನ್ನು ಮರುದಿನಕ್ಕೆ ಸೇರಿಸಲೇಬಾರದು. ಬಾಕಿ ಬೆಳೆದರೆ ಮೂರನೇ ದಿನ ಪುಸ್ತಕ ತೆರೆಯಲು ಭಯವಾಗುತ್ತದೆ, ಕ್ರಮ ಬಿದ್ದುಹೋಗುವುದು ಅಲ್ಲೇ. ಇಂದಿನ ತಾರೀಖು ಏನೋ ಅದನ್ನೇ ಓದಿ. 31ನೇ ದಿನ ಬಂದರೆ 30ರದ್ದೇ ಮತ್ತೊಮ್ಮೆ.

17ರ ಬೆಳಿಗ್ಗೆ 88ನೇ ಕೀರ್ತನೆ ಬರುತ್ತದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಾಂತ್ವನದ ಒಂದು ಸಾಲೂ ಕೊನೆಯಲ್ಲಿಲ್ಲ. ಕರ್ತನ ಕೃಪೆಯನ್ನು ಹಾಡಿ ಶುರುವಾಗುವ 89ನೆಯದು ಸಂಜೆಯ ಪಾಲು. ಅದನ್ನು ಬೆಳಿಗ್ಗೆಯೇ ಎಳೆದುಕೊಳ್ಳಬೇಡಿ. ಆ ದಿನದ ಭೇಟಿಗಳನ್ನು 88ರ ಕೊನೆಯ ವಚನ ಕಿವಿಯಲ್ಲಿಟ್ಟುಕೊಂಡೇ ಮಾಡಿದರೆ, ದುಃಖದಲ್ಲಿರುವವರ ಮುಂದೆ ಅವಸರದ ಸಮಾಧಾನ ಬಾಯಿಗೆ ಬರುವುದಿಲ್ಲ. ನನಗೆ ಕೀರ್ತನೆಗಳಿಂದ ಸಿಕ್ಕ ದೊಡ್ಡ ವರ ಇದು. ಶಾಪದ ಮಾತಿರುವ 109ನೆಯದನ್ನು ನನ್ನ ಹೆಸರಿನಲ್ಲಿ ಓದುವುದಿಲ್ಲ. ಅನ್ಯಾಯಕ್ಕೆ ಸಿಕ್ಕು ಪ್ರಾರ್ಥಿಸಲೂ ಬಾಯಿಲ್ಲದವರ ಪರವಾಗಿ ಓದುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ನಡೆದಿವೆ. ಕ್ರೈಸ್ತ ಮಠಗಳಿಗಾಗಿ ಬರೆದ ಬೆನೆಡಿಕ್ಟನ ನಿಯಮದಂತೆ 150ನ್ನೂ ಒಂದೇ ವಾರದಲ್ಲಿ ಮುಗಿಸುವುದು ಒಂಟಿ ಸೇವಕನಿಗೆ ಆಗದ ಕೆಲಸ. ಮಠದಲ್ಲಿ ಎರಡು ಸಾಲಾಗಿ ನಿಂತು ಹಂಚಿಕೊಂಡು ಹಾಡುತ್ತಾರೆ. ಇಲ್ಲಿ ಗಂಟಲು ಗುರುವಾರಕ್ಕೇ ಕಟ್ಟುತ್ತದೆ, ಭಾನುವಾರಕ್ಕೆ ಸ್ವರ ಉಳಿಯುವುದಿಲ್ಲ. ದಿನಕ್ಕೆ ನಾಲ್ಕು ಅಧ್ಯಾಯದ, ಮೆಕ್‌ಚೇನ್ ಎಂಬ ಪಾಸ್ಟರ್ ಮಾಡಿದ ಬೈಬಲ್ ಓದಿನ ಪಟ್ಟಿ (1842ರದ್ದು) ಒಳ್ಳೆಯದೇ, ರಜೆಯ ವಾರಗಳಿಗೆ ಈಗಲೂ ಬಳಸುತ್ತೇನೆ. ಆದರೆ ಪ್ರಸಂಗದ ವಾರದಲ್ಲಿ ನಾಲ್ಕು ಕಡೆಯ ವಾಕ್ಯ ಸೇರಿ ಭಾನುವಾರದ ಭಾಗ ಮಸುಕಾಗುತ್ತದೆ.

ಇನ್ನು ವಾಕ್ಯಭಾಗ. ಆಯ್ಕೆಯನ್ನು ಲೆಕ್ಷನರಿಗೆ, ಅಂದರೆ ಯಾವ ಭಾನುವಾರ ಯಾವ ಪಾಠವೆಂದು ಗೊತ್ತುಮಾಡಿದ ಪಟ್ಟಿಗೆ, ಬಿಟ್ಟಿದ್ದೇನೆ. 1992ರ ಪರಿಷ್ಕೃತ ಪಟ್ಟಿಯಲ್ಲಿ ಮೂರು ವರ್ಷದ ಸುತ್ತು, ಸುವಾರ್ತೆಗಳಲ್ಲಿ ಮತ್ತಾಯ, ಮಾರ್ಕ, ಲೂಕ ಒಂದೊಂದು ವರ್ಷಕ್ಕೆ, ಯೋಹಾನ ಮೂರರಲ್ಲೂ ಹಂಚಿಕೆಯಾಗಿದ್ದಾನೆ. ಸ್ವಂತ ಆಯ್ಕೆ ಎಂದು ಕೂತರೆ ಮಂಗಳವಾರ ಪೂರ್ತಿ ಹುಡುಕಾಟಕ್ಕೇ ಹೋಗುತ್ತದೆ, ಕೊನೆಗೆ ಬಂದು ನಿಲ್ಲುವುದು ನಮಗಿಷ್ಟವಾದ ಅದೇ ಹತ್ತು ಭಾಗಗಳ ಮೇಲೆ. ಪಟ್ಟಿ ಒಂದು ಭಾನುವಾರಕ್ಕೆ ಕೊಡುವ ನಾಲ್ಕು ಪಾಠಗಳಲ್ಲಿ ಒಂದನ್ನು ಮಾತ್ರ ಪ್ರಸಂಗಿಸಿ. ನಾಲ್ಕನ್ನೂ ಹೆಣೆಯಲು ಹೋದರೆ ಪ್ರಸಂಗದಲ್ಲಿ ಹೆಣಿಗೆ ಕಾಣುತ್ತದೆ, ವಾಕ್ಯ ಕಾಣುವುದಿಲ್ಲ.

ಮಾರ್ಕ 4:35–41ನ್ನು ತೆಗೆದುಕೊಳ್ಳಿ, ಯೇಸು ಬಿರುಗಾಳಿಯನ್ನು ಅಡಗಿಸಿದ ಭಾಗ. ಮಂಗಳವಾರ ಗಟ್ಟಿಯಾಗಿ ಮೂರು ಸಲ ಓದು, ಎರಡು ಅನುವಾದಗಳಲ್ಲಿ. ಆಮೇಲೆ ಏಳೂ ವಚನಗಳನ್ನು ಸಾಲು ಬಿಟ್ಟು ಸಾಲು ಕೈಯಲ್ಲಿ ಬರೆದುಕೊಳ್ಳುವುದು. ಟೈಪ್ ಮಾಡಿದರೆ ಕಣ್ಣು ಜಾರುತ್ತದೆ. ಕೈಬರಹದಲ್ಲಿ ಮಾತ್ರ ತಲೆದಿಂಬು ಸಿಕ್ಕುತ್ತದೆ. ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಯೇಸು ನಿದ್ರಿಸುತ್ತಿದ್ದನೆಂದು ಹೇಳುವವನು ಮಾರ್ಕ ಒಬ್ಬನೇ. ಜೊತೆಗೆ ಬೇರೆ ದೋಣಿಗಳೂ ಇದ್ದವು ಎನ್ನುವುದೂ ಅವನೊಬ್ಬನೇ. ಮತ್ತಾಯ 8ರಲ್ಲಿ, ಲೂಕ 8ರಲ್ಲಿ ಎರಡೂ ಇಲ್ಲ. ಬಿಟ್ಟ ಸಾಲುಗಳಲ್ಲಿ ಪ್ರಶ್ನೆಗಳು, ಕಡಿಮೆಯೆಂದರೆ ಹತ್ತು. ಗುರುವಾರದವರೆಗೆ ವ್ಯಾಖ್ಯಾನ ಪುಸ್ತಕ ಮುಟ್ಟುವುದಿಲ್ಲ. ಮೊದಲೇ ತೆರೆದರೆ ಆ ಪುಸ್ತಕದ ಪ್ರಶ್ನೆಗಳೇ ನಮ್ಮ ಪ್ರಶ್ನೆಗಳಾಗುತ್ತವೆ, ಸಭೆಯಲ್ಲಿ ಯಾರೂ ಕೇಳದ ಪ್ರಶ್ನೆಗೆ ಭಾನುವಾರ ಉತ್ತರ ಹೇಳುತ್ತಾ ನಿಲ್ಲಬೇಕಾಗುತ್ತದೆ.

ಬುಧವಾರ ಅದೇ ಭಾಗ ಹಾಸಿಗೆ ಹಿಡಿದವರ ಬಳಿಗೆ ಹೋಗುತ್ತದೆ. ಇಲ್ಲಿ ಎಚ್ಚರ ಬೇಕು. 38ನೇ ವಚನದಲ್ಲಿ ಶಿಷ್ಯರು ‘ನಾವು ಮುಳುಗಿಹೋಗುತ್ತಿದ್ದೇವೆ, ನಿನಗೆ ಚಿಂತೆಯಿಲ್ಲವೇ’ ಎಂದು ಕೇಳುತ್ತಾರಲ್ಲ, ಅದು ರೋಗಿಯ ಸ್ವಂತ ಪ್ರಶ್ನೆ. ಅದನ್ನು ಓದಿ ತುಸು ಹೊತ್ತು ಸುಮ್ಮನಿದ್ದರೆ ಅವರೇ ಮಾತಾಡುತ್ತಾರೆ. ಓದು 39ಕ್ಕೆ ನಿಲ್ಲಬೇಕು. 40ನೆಯದು ನಂಬಿಕೆ ಇಲ್ಲವೇ ಎಂದು ಕೇಳುತ್ತದೆ, ಹಾಸಿಗೆಯಲ್ಲಿರುವವರಿಗೆ ಅದು ‘ನಂಬಿಕೆ ಸಾಲದ್ದಕ್ಕೇ ಈ ಕಾಯಿಲೆ’ ಎಂದು ಕೇಳಿಸುತ್ತದೆ. ಆ ವಚನದ ಜಾಗ ಭಾನುವಾರ, ಬಿಡಿಸಿ ಹೇಳಲು ಸಮಯ ಇರುವಾಗ. ಭೇಟಿ ಹತ್ತು ನಿಮಿಷ ದಾಟಬಾರದು. ಹಾಸಿಗೆಯ ಮೇಲೆ ಕೂರದೆ ಕುರ್ಚಿ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂರಬೇಕು, ಒಳಗೆ ಹೋಗುವ ಮೊದಲೂ ಹೊರಬಂದ ಮೇಲೂ ಕೈ ತೊಳೆಯಬೇಕು, ಪ್ರಾರ್ಥನೆಯಲ್ಲಿ ಹೆಸರು ಹಿಡಿದು ಹೇಳಬೇಕು. ಗುಣವಾಗುತ್ತದೆಂಬ ಮಾತು ಕೊಡಬಾರದು, ಅದು ನಮ್ಮ ಕೈಯಲ್ಲಿಲ್ಲ. ವಾರದ ಭಾಗ ಅಲ್ಲಿಗೆ ಹೊಂದದಿದ್ದರೆ 121 ಅಥವಾ 130ನೇ ಕೀರ್ತನೆ ಸಾಕು, ಎರಡೂ ಎಂಟೆಂಟು ವಚನ.

ಹೀಗೆ ನಾಲ್ಕೈದು ಮನೆ, ಒಂದು ಆಸ್ಪತ್ರೆ, ಒಂದು ಅಧ್ಯಯನ ಕೂಟ ದಾಟಿ ಬಂದ ವಾಕ್ಯದ ಜೊತೆ ಗುರುವಾರ ಕೂತರೆ, ಹತ್ತು ಪ್ರಶ್ನೆಗಳಲ್ಲಿ ಏಳು ಉದುರಿಹೋಗಿರುತ್ತವೆ. ಉಳಿದ ಮೂರಕ್ಕೆ ಮಾತ್ರ ವ್ಯಾಖ್ಯಾನ ಪುಸ್ತಕ. ಶುಕ್ರವಾರ ಪೂರ್ತಿ ಬರೆಯುತ್ತೇನೆ. ನನ್ನ ವೇಗಕ್ಕೆ ಹದಿನೆಂಟು ನಿಮಿಷಕ್ಕೆ ಸಾವಿರದೈನೂರು ಪದದ ಆಸುಪಾಸು. ಕಾಗದವಿಲ್ಲದೆ ಮಾತಾಡುವವನು ಬರೆಯಬೇಕಿಲ್ಲ ಎಂಬುದು ತಪ್ಪು ತಿಳುವಳಿಕೆ. ಬರೆಯದಿದ್ದರೆ ಒಂದೇ ಮಾತು ಮೂರು ಸಲ ಬರುತ್ತದೆ, ಹದಿನೆಂಟು ನಿಮಿಷ ಮೂವತ್ತೈದಾಗುತ್ತದೆ. ಶನಿವಾರ ಬರೆದದ್ದನ್ನು ಮುಚ್ಚಿಟ್ಟು ಬೈಬಲ್ ಮಾತ್ರ ತೆರೆದು ಎರಡು ಸಲ ಗಟ್ಟಿಯಾಗಿ ಹೇಳುವುದು. ಪ್ರಸಂಗದ ಪ್ರತಿ ತಿರುವನ್ನೂ ಒಂದೊಂದು ವಚನಕ್ಕೆ ಕಟ್ಟಿರುತ್ತೇನೆ. ಮರೆತರೆ ಮುಂದಿನ ವಚನ ಓದಿದರೆ ಸಾಕು, ದಾರಿ ಸಿಗುತ್ತದೆ. 

ಬೈಬಲ್‌ನ ಪತ್ರಿಕೆಗಳನ್ನು (ಸಭೆಗಳಿಗೆ ಬರೆದ ಪತ್ರಗಳನ್ನು) ಕಾಗದವಿಲ್ಲದೆ ಪ್ರಸಂಗಿಸುವುದು ಅಷ್ಟು ಸಲೀಸಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನ ವಾದ ಸರಪಳಿ, ಒಂದು ಕೊಂಡಿ ಬಿಟ್ಟರೆ ಮುಂದಿನದು ನಿಲ್ಲುವುದಿಲ್ಲ. ಅಲ್ಲಿ ಅಂಗೈಯಗಲದ ಚೀಟಿ ಬೈಬಲ್ ಒಳಗೆ ಇಡುತ್ತೇನೆ. ವಾರದ ಕೊನೆಗೆ ಸಾವಿನ ಸುದ್ದಿ ಬಂದರೆ ಶುಕ್ರವಾರದ ಬರವಣಿಗೆ ಹೋಯಿತೆಂದೇ ಲೆಕ್ಕ. ಆಗ ಸಂಸ್ಕಾರಕ್ಕೆ ಯೋಹಾನ 11 ಅಥವಾ 90ನೇ ಕೀರ್ತನೆ, ಭಾನುವಾರಕ್ಕೆ ಅದೇ ವಾಕ್ಯಭಾಗ, ಆದರೆ ಎಂಟು ನಿಮಿಷ. ಹಳೆಯ ಪ್ರಸಂಗವನ್ನು ತೆಗೆದು ದೂಳು ಒರೆಸುವುದಕ್ಕಿಂತ ಬುಧವಾರದವರೆಗೆ ಹೊತ್ತು ತಿರುಗಿದ ವಾಕ್ಯದ ಎಂಟು ನಿಮಿಷ ಹೆಚ್ಚು ತಲುಪುತ್ತದೆ.

ದುಡ್ಡಿನ ಮಾತು. ಎಳೆಯ ಪಾಸ್ಟರ್‌ನ ದುಡ್ಡು ಹೆಚ್ಚು ಪೋಲಾಗುವುದು ವ್ಯಾಖ್ಯಾನದ ಇಡೀ ಸೆಟ್‌ಗಳ ಮೇಲೆ. ಇಪ್ಪತ್ತು ಮೂವತ್ತು ಸಂಪುಟಗಳಲ್ಲಿ ವರ್ಷಕ್ಕೆ ಮೂರೋ ನಾಲ್ಕೋ ತೆರೆಯುತ್ತೇವೆ. ಲೆಕ್ಷನರಿಯ ವರ್ಷ ಆಗಮನ ಕಾಲಕ್ಕೆ (ಕ್ರಿಸ್ಮಸ್‌ಗೆ ಮುಂಚಿನ ವಾರಗಳು) ಶುರುವಾಗುವ ಮೊದಲು ಆ ವರ್ಷದ ಸುವಾರ್ತೆಗೆ ಎರಡೇ ಒಳ್ಳೆಯ ಪುಸ್ತಕ ಕೊಂಡರೆ ಮೂರು ವರ್ಷಕ್ಕೆ ಆರು. ಪುಸ್ತಕಕ್ಕೆ ಸಂಬಳದ ಇಪ್ಪತ್ತರಲ್ಲಿ ಒಂದು ಭಾಗ ಎತ್ತಿಟ್ಟಿದ್ದೇನೆ, ವರ್ಷದ ಕೊನೆಗೆ ಅದೂ ಸ್ವಲ್ಪ ಉಳಿಯುತ್ತದೆ. ದಶಮಾಂಶ (ಸಂಬಳದ ಹತ್ತರಲ್ಲೊಂದು ಕಾಣಿಕೆ) ಮೊದಲು ಹೋಗುತ್ತದೆ, ಅದರಲ್ಲಿ ಚರ್ಚೆ ಇಲ್ಲ.

ಭೇಟಿಗೆ ಹೋದ ಮನೆಯಲ್ಲಿ ಕೈಗಿಡುವ ಲಕೋಟೆ ಇನ್ನೂ ಕಷ್ಟದ ವಿಷಯ. ತಿರಸ್ಕರಿಸಿದರೆ ಅವರಿಗೆ ನೋವು; ಜೇಬಿಗಿಳಿಸಿದರೆ ಮುಂದಿನ ತಿಂಗಳು ಯಾವ ಮನೆಗೆ ಮೊದಲು ಹೋಗಬೇಕೆಂದು ಕಾಲಿಗೇ ಗೊತ್ತಾಗಿಬಿಡುತ್ತದೆ. ಆ ಹಣ ನೇರ ಸಹಾಯನಿಧಿಗೆ, ಅದೇ ವಾರ ಕೊಟ್ಟವರ ಕೈಗೆ ರಸೀದಿ. ನಿಧಿಯಿಂದ ಹಣ ತೆಗೆಯಲು ಸಭಾಹಿರಿಯರಲ್ಲಿ ಇಬ್ಬರ ಸಹಿ, ನನ್ನ ಸಹಿ ಬೇಡ. 2 ಕೊರಿಂಥ 8ರಲ್ಲಿ ಪೌಲ ಕಾಣಿಕೆಯ ಹಣ ಒಯ್ಯಲು ಸಭೆಗಳು ಆರಿಸಿದ ಸಹೋದರನನ್ನು ಜೊತೆಗೆ ಇಟ್ಟುಕೊಂಡ. ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕೆಂದ. ನಮಗೂ ಅಷ್ಟೇ ರಕ್ಷಣೆ ಬೇಕು. ಈ ಏರ್ಪಾಡು ಬಂದ ಮೇಲೆ ಕಾಣಿಕೆ ಕಡಿಮೆಯಾಗುತ್ತದೆಂದು ಹಲವರು ಹೇಳಿದರು. ಕಡಿಮೆಯಾಗಿಲ್ಲ.

ಇನ್ನು ಪ್ರಾರ್ಥನೆಯ ಕಾರ್ಡುಗಳು. ಸಭೆಯ ಮನೆಗಳು ಸುಮಾರು ನೂರಿಪ್ಪತ್ತು. ಮನೆಗೊಂದು ಕಾರ್ಡು, ಆರು ದಿನಕ್ಕೆ ಆರು ಕಟ್ಟು, ದಿನಕ್ಕೆ ಇಪ್ಪತ್ತು ಮನೆ. ಸಂಜೆಯ ಕೀರ್ತನೆ ಮುಗಿದ ಮೇಲೆ ಅಂದಿನ ಕಟ್ಟು. ಕಾರ್ಡಿನಲ್ಲಿ ಹೆಸರುಗಳು, ಭೇಟಿಯ ತಾರೀಖು, ಅಂದು ಓದಿದ ವಚನ, ಇಷ್ಟೇ. ಅವರು ಹೇಳಿಕೊಂಡ ವಿಷಯ ಒಂದಕ್ಷರವೂ ಬರೆಯಬಾರದು. ಕಾರ್ಡು ಕಾರಿನಲ್ಲಿ ಉಳಿಯುತ್ತದೆ, ಮೇಜಿನ ಮೇಲೆ ಉಳಿಯುತ್ತದೆ, ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ತಾರೀಖು ನೋಡಿದರೆ ಯಾವ ಮನೆಗೆ ಹೋಗಿ ಮೂರು ತಿಂಗಳಾಯಿತೆಂದು ತಿಳಿಯುತ್ತದೆ. ಆ ಕಾರ್ಡು ಮುಂದಿನ ವಾರದ ಕಟ್ಟಿನ ಮೇಲಕ್ಕೆ.